ಮುಳ್ಳು ಎತ್ತಿದ ಜಾಗ

ಮಾರ್ಚ್ ೩

ತಮ್ಮಾ,

ಕ್ಷೇಮ ವಿಚಾರಿಸುವ ಶಾಸ್ತ್ರವನ್ನು ಇವತ್ತು ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಯೇ ಇರುತ್ತೀಯ, ಯಾಕೆಂದರೆ ನೀನು ಈ ಮನೆಯಲ್ಲಿಲ್ಲ.

ಫೋನು ಮಾಡಬಹುದಿತ್ತು. ಮಾಡಿದರೆ "ಅಕ್ಕ, ರಿಹರ್ಸಲ್ ಶುರುವಾಯ್ತು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನ ಆ 'ಆಮೇಲೆ' ಇದುವರೆಗೆ ಬಂದದ್ದಿಲ್ಲ. ಕಾಗದದಿಂದ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ, ಕೂತು ಓದು.

ನೀನು ಮೂರು ದಿನ ರಜೆ ಹಾಕಿ ಬಂದೆ. ನಾಟಕ ಕಂಪನಿಯ ಹಿಂದೆ ಊರೂರು ಅಲೆಯುವವನು ಅಪ್ಪನನ್ನೂ ನನ್ನನ್ನೂ ನೋಡಲು ಬಂದಿದ್ದಾನೆ ಎಂದು ನಾನು ಹುಚ್ಚಿಯ ಹಾಗೆ ಹಿಗ್ಗಿದೆ. ನೀನು ಬಂದದ್ದು ಗೋಡೆ ಕೊರೆಯಲು. ಕಂಪನಿಯವರು ಬೇಡವೆಂದು ಬಿಸಾಕಿದ ಆಂಪ್ಲಿಫೈಯರು, ಎಲ್ಲಿಂದಲೋ ತಂದ ಪ್ಲೇಯರು, ನಾಲ್ಕು ಸ್ಪೀಕರು. ಪ್ಲೇಯರು ಅಪ್ಪನ ಕೋಣೆಗೆ, ಜೊತೆಗೆ ಎರಡು ಸ್ಪೀಕರು. ಒಂದು ನನ್ನ ಹೊಲಿಗೆ ಕೋಣೆಗೆ, ಒಂದು ಅಡುಗೆಮನೆಗೆ. "ಇಡೀ ಮನೆ ಕೇಳ್ಬೇಕು ಅಕ್ಕ!" ಎಂದು ಮೂರು ದಿನ ಅದೇ ಮಂತ್ರ. ಇಡೀ ಮನೆಗೆ ಕೇಳಬೇಕಾ ಬೇಡವಾ ಎಂದು ನೀನು ಇಡೀ ಮನೆಯನ್ನು ಕೇಳಿದೆಯಾ?

ನನ್ನ ಇಸ್ತ್ರಿ ಮೇಜಿನ ಮೇಲೆ ನೀನು ಡ್ರಿಲ್ ಇಟ್ಟೆ. ಅವತ್ತು ಆ ಮೇಜಿನ ಪಕ್ಕದಲ್ಲಿ ನಲವತ್ತು ಬಿಳಿ ಕೋಟು ಮಡಿಸಿಟ್ಟಿದ್ದೆ, ಆಸ್ಪತ್ರೆಗೆ ಕೊಡಬೇಕಾದವು. ಗೋಡೆಯ ಪುಡಿ ಎಲ್ಲ ಅವುಗಳ ಮೇಲೆ. ಹನ್ನೊಂದು ಕೋಟನ್ನು ಮತ್ತೆ ಒಗೆದು ಇಸ್ತ್ರಿ ಹಾಕಿದೆವು, ನಾನು ಮತ್ತು ಕಾಜದ ಚಿಕ್ಕಮ್ಮ. ಅವಳು ಎಂಟು ವರ್ಷದಿಂದ ನನ್ನ ಹತ್ತಿರ ಅಂಗಿಗಳ ಗುಂಡಿಗೆ ಕಾಜ ಹಾಕುತ್ತಿದ್ದಾಳೆ, ಅವಳ ಬಾಯಿಂದ ಒಂದು ಕೆಟ್ಟ ಮಾತು ಕೇಳಿದವಳಲ್ಲ ನಾನು. ಅವತ್ತು ಕೇಳಿದೆ.

ಇದೆಲ್ಲ ಹೋಗಲಿ. ನನ್ನ ತಲೆಯ ಮೇಲೆ ಸ್ಪೀಕರು ನೇತುಹಾಕಿ ಹೋಗಿದ್ದೀಯಲ್ಲ, ಅದನ್ನು ನಿಲ್ಲಿಸಲು ನನ್ನ ಕೋಣೆಯಲ್ಲಿ ಒಂದು ಗುಂಡಿಯಾದರೂ ಬೇಡವೇ? ಅಪ್ಪ ಅಲ್ಲಿ ರೆಕಾರ್ಡು ಹಾಕಿದರೆ ನಾನು ಇಲ್ಲಿ ಕೇಳಲೇಬೇಕು. ಇದು ನನ್ನ ಮನೆ, ನನ್ನ ಕೆಲಸದ ಜಾಗ, ನೀನು ಬಂದು ಹೋಗುವ ರಂಗಸ್ಥಳವಲ್ಲ. ಬಂದು ಸರಿಮಾಡು.

ನಿನ್ನ ಅಕ್ಕ


ಮಾರ್ಚ್ ೧೪

ಅಕ್ಕಾ,

ನಿನ್ನ ಕಾಗದ ಎರಡು ಬಿಡಾರ ಸುತ್ತಿಕೊಂಡು ಬಂದು ಸೇರಿತು. ಲಕೋಟೆ ಮುಟ್ಟಿದರೆ ಇನ್ನೂ ಬಿಸಿ ಇತ್ತು.

ಕೋಟಿನ ವಿಷಯಕ್ಕೆ ತಪ್ಪಾಯಿತು. ಉಳಿದದ್ದಕ್ಕೆ ತಪ್ಪೊಪ್ಪಿಕೊಳ್ಳುವುದಿಲ್ಲ. ನಾನು ಮಾಡಿದ ಕೆಲಸ ಏನೆಂದು ನಿನಗೆ ಗೊತ್ತಿಲ್ಲ. ನಿನ್ನ ಮೋಟಾರು ಹಾಕಿದ ಮಿಷನ್ನು ಓಡಿದರೆ ಇಡೀ ಮನೆಯ ನೆಲ ನಡುಗುತ್ತದೆ. ಪ್ಲೇಯರನ್ನು ಮೇಜಿನ ಮೇಲಿಟ್ಟರೆ ಮುಳ್ಳು ಕುಣಿದು ರೆಕಾರ್ಡು ಗೀಚುತ್ತದೆ. ಅದಕ್ಕೇ ಗೋಡೆಗೆ ಹಲಗೆ ಹೊಡೆದು, ಅಡಿಗೆ ರಬ್ಬರ್ ತುಂಡು ಕೊಟ್ಟು ಕೂರಿಸಿದೆ. ಗುಂಯ್ ಎನ್ನುವ ಸದ್ದು ಹೋಗಿಸಲು ಒಂದು ಅರ್ತ್ ವೈರಿನ ಹಿಂದೆ ಅರ್ಧ ದಿನ ಹೋಯಿತು. ಈ ಪ್ಲೇಯರಿನಿಂದ ಸದ್ದು ಎಡ, ಬಲ ಎಂದು ಎರಡು ಸಾಲಾಗಿ ಬರುತ್ತದೆ. ಅಪ್ಪನ ಕೋಣೆಗೆ ಎಡಗಡೆಯ ಸಾಲು, ನಿನ್ನ ಕೋಣೆಗೂ ಅಡುಗೆಮನೆಗೂ ಬಲಗಡೆಯ ಸಾಲು. ಎರಡನ್ನೂ ಒಂದು ಮಾಡುವ ಸ್ವಿಚ್ಚು, ಕೋಣೆಗೊಂದು ಸದ್ದಿನ ಗುಂಡಿ, ಎರಡೂ ಹಾಕಬೇಕೆಂದಿದ್ದೆ. ಸಾಮಾನು ಸಮಯಕ್ಕೆ ಬರಲಿಲ್ಲ, ಕಂಪನಿ ಹೊರಟುಬಿಟ್ಟಿತು. ನಮ್ಮ ಮನೆಯ ರೆಕಾರ್ಡುಗಳೆಲ್ಲ ಹಳೆಯವು, ಎರಡು ಸಾಲಿನಲ್ಲೂ ಒಂದೇ ಸದ್ದು. ಅದಕ್ಕೆ ಸ್ವಿಚ್ಚು ಇಲ್ಲದಿದ್ದರೂ ನಡೆಯುತ್ತದೆ.

ಒಂಬತ್ತು ವರ್ಷ ಆ ರೆಕಾರ್ಡುಗಳು ಟ್ರಂಕಿನಲ್ಲಿ ಕೊಳೆಯುತ್ತಿದ್ದವು. ಅಮ್ಮ ಹೋದ ಮೇಲೆ ಆ ಮನೆ ಮೂಕವಾಗಿತ್ತು. ನಾನು ಅದಕ್ಕೆ ಬಾಯಿ ಕೊಟ್ಟೆ. ಅದಕ್ಕೆ ಇಷ್ಟು ಬೈಗುಳ.

ಅಪ್ಪ ಎಲ್ಲ ರೆಕಾರ್ಡು ನೋಡಿ ಮುಗಿಸಿದರೇ? ಕಟ್ಟಿನ ತಳದಲ್ಲಿ ಬಿಳಿ ಕವರಿನದೊಂದು ಇದೆ. ಸಿಕ್ಕರೆ ತಿಳಿಸು. ಸಿಗದಿದ್ದರೂ ಪರವಾಗಿಲ್ಲ.

ತಮ್ಮ


ಏಪ್ರಿಲ್ ೨

ತಮ್ಮಾ,

ಮನೆ ಮೂಕವಾಗಿತ್ತಂತೆ! ದಿನಕ್ಕೆ ಹತ್ತು ಗಂಟೆ ಈ ಮನೆಯಲ್ಲಿ ನನ್ನ ಮಿಷನ್ನು ಓಡುತ್ತದೆ. ಆ ಸದ್ದಿನಲ್ಲೇ ಅಪ್ಪನ ಔಷಧ ಬಂತು, ಊಟ ಬಂತು, ನೀನು ತೂತು ಕೊರೆದ ಗೋಡೆಗೆ ಸುಣ್ಣ ಬಂತು. ನಿನ್ನ ಕಿವಿಗೆ ಅದು ಸದ್ದಲ್ಲ.

ನಿನ್ನ ಬಿಳಿ ಕವರಿನದು ಸಿಕ್ಕಿತು. ಸಿಕ್ಕಿದ ದಿನದಿಂದ ನನಗೆ ಶನಿ ಹಿಡಿದ ಹಾಗಾಗಿದೆ. ಅಪ್ಪ ಬೇರೆ ಎಲ್ಲವನ್ನೂ ಮೂಲೆಗೆ ತಳ್ಳಿದ್ದಾರೆ. ಬೆಳಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆಗೂ ಅದೇ. ಅಚ್ಚಿನ ಪ್ರೆಸ್ಸಿನ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ಅರ್ಧ ಹೋದ ಕಿವಿ ಅವರದು. ಸ್ಪೀಕರಿಗೆ ಕಿವಿ ಆನಿಸಿ ಕೂರುತ್ತಾರೆ. ಪುಣ್ಯಕ್ಕೆ ಸದ್ದು ಜಾಸ್ತಿ ಮಾಡುವುದಿಲ್ಲ, ಆದರೆ ನನ್ನ ಸ್ಪೀಕರು ನೆತ್ತಿಯ ಮೇಲೇ ಇದೆಯಲ್ಲ.

ಎಂಥ ಹಾರ್ಮೋನಿಯಂ ಅದು! ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ. ಎರಡು ಹೆಜ್ಜೆ ಹೋಗುತ್ತದೆ, ಯಾರಿಗೋ ಕಾಯುವ ಹಾಗೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಮತ್ತೆ ಎರಡು ಹೆಜ್ಜೆ. ಬಾರಿಸಿದವರ ಬೆರಳಿಗೆ ನನ್ನ ಇಸ್ತ್ರಿಪೆಟ್ಟಿಗೆ ತಾಗಿಸಬೇಕು ಅನಿಸುತ್ತದೆ. ಎಲ್ಲೋ ಕೇಳಿದ ಹಾಗೂ ಇದೆ, ಅದಕ್ಕೇ ಇನ್ನಷ್ಟು ತಲೆ ಚಿಟ್ಟು ಹಿಡಿಯುತ್ತದೆ. "ನಿಲ್ಸಿ ಅಪ್ಪಾ!" ಎಂದು ಕೂತಲ್ಲಿಂದಲೇ ದಿನಕ್ಕೆ ಹತ್ತು ಸಲ ಕಿರುಚುತ್ತೇನೆ. ಕಾಜದ ಚಿಕ್ಕಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದಾಳೆ.

ಯಾರ ಮನೆಯ ಕಸ ತಂದು ನಮ್ಮ ಮನೆಗೆ ಹಾಕಿದ್ದೀಯ?

ಅಕ್ಕ


ಏಪ್ರಿಲ್ ೨೦

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನೇ ಬರೆದದ್ದಾ ಎಂದು ಅಕ್ಷರ ನೋಡಿದೆ.

ಕಸ ಎಂದು ಬರೆದಿದ್ದೀಯ. ಆ ರೆಕಾರ್ಡಿನಲ್ಲಿ ನಿನ್ನ ಕಿವಿಗೆ ಬಿದ್ದದ್ದು ಹಾರ್ಮೋನಿಯಂ ಒಂದೇ ತಾನೇ? ಸರಿ. ಬೇರೆ ಯಾವುದರ ಬಗ್ಗೆಯೂ ಮಾತಾಡುವುದು ನಿನಗೆ ಬೇಡ ಎಂದು ಅರ್ಥವಾಯಿತು. ನಾನೂ ಎತ್ತುವುದಿಲ್ಲ. ನಿನ್ನ ಸಿಟ್ಟು ನಿನಗಿರಲಿ.

ಒಂದು ಮಾತು ಮಾತ್ರ ಗಮನವಿಟ್ಟು ಓದು. ಅದು ಅಂಗಡಿಯಲ್ಲಿ ಸಿಗುವ ರೆಕಾರ್ಡಲ್ಲ. ಪರೀಕ್ಷೆಗೆಂದು ಕೊರೆದ ತಟ್ಟೆ, ಮೈ ಬಹಳ ಮೆತ್ತಗೆ. ಮುಳ್ಳು ಒಂದೊಂದು ಸಲ ಹೋದಾಗಲೂ ಸವೆಯುತ್ತದೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಟೇಪೂ ಉಳಿದಿಲ್ಲ. ವಾರಕ್ಕೊಂದು ಸಲ ಹಾಕಿ ಸಾಕು ಎಂದು ಅಪ್ಪನಿಗೆ ಹೇಳು. ಜೋರಾಗಿ, ಕಿವಿಯ ಹತ್ತಿರ ಹೇಳು.

ತಮ್ಮ


ಮೇ ೬

ತಮ್ಮಾ,

ನಾನು ಹೇಳುವುದಿಲ್ಲ. ಸವೆಯಲಿ. ಬೇಗ ಸವೆಯಲಿ ಎಂದು ಕಾಯುತ್ತಿದ್ದೇನೆ. ಆಗಲೇ ಹಾರ್ಮೋನಿಯಂ ಹಿಂದೆ ಮರಳು ಹುರಿದ ಹಾಗೆ ಸದ್ದು ಶುರುವಾಗಿದೆ, ವಾರದಿಂದ ವಾರಕ್ಕೆ ಮರಳು ಜಾಸ್ತಿ. ನನಗೆ ಈ ಮರಳೇ ಇಷ್ಟ.

ಸ್ಪೀಕರಿನ ಬಾಯಿಗೆ ಕೋಟಿನ ಹೆಗಲಿಗೆ ಹಾಕುವ ಸ್ಪಂಜು ತುರುಕಿದೆ. ಆದರೂ ಒಳಗಿಂದ ಗೊಣಗುತ್ತದೆ. ಅಪ್ಪ ಈಗ ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಾರೆ. ಟೀ ತೆಗೆದುಕೊಂಡು ಹೋಗಿ ಬಾಗಿಲು ದೂಡಿದರೆ ಸಾಕು, ಕಳ್ಳನ ಹಾಗೆ ಮುಳ್ಳು ಎತ್ತಿಬಿಡುತ್ತಾರೆ. ಮುಖ ನೋಡುವುದಿಲ್ಲ. "ಅಲ್ಲಿಡು" ಎನ್ನುತ್ತಾರೆ. ನಾನೇನು ಈ ಮನೆಯ ಪೊಲೀಸೇ? ಇನ್ನೊಂದು ವಿಚಿತ್ರ ಏನೆಂದರೆ ಯಾವತ್ತೂ ಕೊನೆಯವರೆಗೆ ಬಿಡುವುದಿಲ್ಲ. ಒಂದು ಜಾಗ ಬರುತ್ತದೆ, ಹಾರ್ಮೋನಿಯಂ ಮೇಲಕ್ಕೆ ಹತ್ತುತ್ತಿರುವಾಗ ಟಕ್ಕೆಂದು ನಿಲ್ಲಿಸಿ ಮತ್ತೆ ಮೊದಲಿಂದ. ಪ್ರತಿ ಸಲವೂ ಅದೇ ಜಾಗ. ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಹಾರ್ಮೋನಿಯಂ ಎಂದರೆ ನನಗೆ ಯಾಕೆ ಮೈ ಉರಿಯುತ್ತದೆಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಿನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ನೀನು ರೆಕಾರ್ಡಿಂಗ್ ಕೆಲಸ ಕಲಿಯುತ್ತಿದ್ದೆ. ಅಭ್ಯಾಸಕ್ಕೆಂದು ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋದೆ. ಅಮ್ಮನನ್ನು ಒಳಗಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿ ಹಾಡಲು ಕೂರಿಸಿದೆ, ನನ್ನನ್ನು ಹೊರಗಿನ ಓಣಿಯಂಥ ಜಾಗದಲ್ಲಿ ಹಾರ್ಮೋನಿಯಂ ಮುಂದೆ ಕೂರಿಸಿ ನಡುವಿನ ಬಾಗಿಲು ಹಾಕಿದೆ. ಅಮ್ಮನ ದನಿ ನನಗೆ ಕೇಳುತ್ತಿರಲಿಲ್ಲ. ಅಂದಾಜಿನ ಮೇಲೆ ಬಾರಿಸಿದೆ. ಅರ್ಧಕ್ಕೇ ನೀನು ಬಾಗಿಲು ತೆಗೆದು, ಮುಖ ಕಪ್ಪಿಟ್ಟುಕೊಂಡು, "ಸಾಕು ಅಕ್ಕ, ನಿಲ್ಸು" ಎಂದೆ. ಆಮೇಲೆ ಟೇಪು ಹಾಳಾಯಿತು ಎಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನನ್ನ ಮುಖ ನೋಡಲಿಲ್ಲ. ಮುಂದಿನ ತಿಂಗಳೇ ಹೊಲಿಗೆ ಶಾಲೆಗೆಂದು ನನ್ನನ್ನು ದೂರದ ಊರಿಗೆ ಸಾಗಹಾಕಿದಳು. ಟೇಪು ಹಾಳಾಗಲಿಲ್ಲ, ನಾನು ಹಾಳು ಮಾಡಿದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವತ್ತಿನಿಂದ ಆ ಪೆಟ್ಟಿಗೆಯನ್ನು ನಾನು ಮುಟ್ಟಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅದನ್ನೇ ತಂದು ನನ್ನ ನೆತ್ತಿಯ ಮೇಲೆ ನೇತುಹಾಕಿದೆ. ನನ್ನ ಹತ್ತಿರ ಬಟ್ಟೆ ಕತ್ತರಿಸುವ ಹನ್ನೆರಡು ಅಂಗುಲದ ಕತ್ತರಿ ಇದೆ. ನಿನ್ನ ವೈರು ನಾಲ್ಕು ಪದರದ ದಪ್ಪ ಡ್ರಿಲ್ ಬಟ್ಟೆಗಿಂತ ಗಟ್ಟಿಯೇನಲ್ಲ.

ಅಕ್ಕ


ಜೂನ್ ೯

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಬರೆದರೆ ಹರಿದು ಹಾಕುವಂಥದ್ದು ಬರೆಯುತ್ತೇನೆಂದು ಸುಮ್ಮನಿದ್ದೆ. ಇವತ್ತು ಅಪ್ಪನಿಂದ ಒಂದು ಕಾರ್ಡು ಬಂತು. ಅಪ್ಪ ನನಗೆ ಕಾರ್ಡು ಬರೆದು ಎಷ್ಟು ವರ್ಷವಾಯಿತೆಂದು ಲೆಕ್ಕವಿಲ್ಲ. ಅವರು ಬರೆದದ್ದನ್ನು ಹಾಗೇ ಇಳಿಸುತ್ತೇನೆ:

"ನೀನು ಇಟ್ಟುಹೋದದ್ದು ಸಿಕ್ಕಿತು. ದಿನಾ ಕೇಳುತ್ತೇನೆ. ಅವಳಿಗೆ ಹಿಡಿಸುತ್ತಿಲ್ಲ, ಹಾಕಿದರೆ ನಿಲ್ಲಿಸಿ ಎಂದು ಕೂಗುತ್ತಾಳೆ. ಅವಳ ನೋವು ಅವಳದು, ಬೈಯಬೇಡ. ಬಾಗಿಲು ಹಾಕಿಕೊಂಡು ಕೇಳುತ್ತೇನೆ. ಈಚೆಗೆ ದನಿ ಮಸುಕಾಗುತ್ತಿದೆ. ನನ್ನ ಕಿವಿಯೋ, ತಟ್ಟೆಯೋ ಗೊತ್ತಾಗುತ್ತಿಲ್ಲ."

ತಟ್ಟೆ ಸವೆಯುತ್ತದೆ ಎಂದು ಏಪ್ರಿಲಿನಲ್ಲೇ ಬರೆದಿದ್ದೆ. ನೀನು ಹೇಳಲಿಲ್ಲ. ಬೇಕೆಂತಲೇ ಹೇಳಲಿಲ್ಲ, ಸವೆಯಲಿ ಎಂದು ಕಾಯುತ್ತಿದ್ದೇನೆ ಎಂದು ಸಂಭ್ರಮದಿಂದ ಬರೆದೆ. ಎಂಬತ್ತು ವರ್ಷದ ಮುದುಕರು ತಮ್ಮ ಹೆಂಡತಿಯ ದನಿಯನ್ನು ಮಗಳಿಗೆ ಹೆದರಿ ಬಾಗಿಲು ಹಾಕಿಕೊಂಡು ಕೇಳಬೇಕಾಗಿದೆ. ನೀನು ಸ್ಪಂಜು ತುರುಕಿ ಕೂತಿದ್ದೀಯ.

ನಿನಗೆ ನನ್ನ ಮೇಲೆ ಸಿಟ್ಟಿರಬಹುದು, ಹಾರ್ಮೋನಿಯಂ ಮೇಲೆ ಸಿಟ್ಟಿರಬಹುದು. ಆದರೆ ಅಮ್ಮನ ದನಿ ಕೇಳಿಯೂ ಎರಡು ತಿಂಗಳು, ಎರಡು ಕಾಗದ, ಒಂದೇ ಒಂದು ಸಾಲು ಅವಳ ಬಗ್ಗೆ ಬರೆಯದೆ ಇದ್ದೆಯಲ್ಲ! ಅದು ಎಂಥ ಎದೆ ಅಕ್ಕ? ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ.

ಕತ್ತರಿಸುವುದಿದ್ದರೆ ಕತ್ತರಿಸು. ನಿನ್ನ ಕೋಣೆಯ ವೈರು ಮಾತ್ರ.

ತಮ್ಮ


ಜೂನ್ ೧೫

ಅಮ್ಮನ ದನಿ ಎಂದರೇನು?

ಯಾವ ದನಿ? ಆ ರೆಕಾರ್ಡಿನಲ್ಲಿ ದನಿಯೇ ಇಲ್ಲ. ಹಾರ್ಮೋನಿಯಂ ಇದೆ, ಮರಳಿನ ಸದ್ದಿದೆ, ಅಷ್ಟೇ. ನನ್ನ ಕೋಣೆಯಲ್ಲೂ ಅಷ್ಟೇ, ಅಡುಗೆಮನೆಯಲ್ಲೂ ಅಷ್ಟೇ. ನಿನ್ನ ಕಾಗದ ಬಂದ ಮೇಲೆ ಸ್ಪಂಜು ಕಿತ್ತು, ಮಿಷನ್ನು ನಿಲ್ಲಿಸಿ, ಸ್ಪೀಕರಿನ ಕೆಳಗೆ ಸ್ಟೂಲು ಹಾಕಿ ನಿಂತು ಕೇಳಿದೆ. ಕಾಜದ ಚಿಕ್ಕಮ್ಮನಿಗೂ ಕೇಳಿಸಿದೆ. "ಯಾರೂ ಹಾಡ್ತಿಲ್ಲಮ್ಮ, ಬರೀ ಪೆಟ್ಟಿಗೆ ಸದ್ದು" ಎಂದಳು.

ನನಗೆ ಹುಚ್ಚು ಹಿಡಿಸಬೇಡ. ಏನು ಮಾಡಿದ್ದೀಯ, ನೆಟ್ಟಗೆ ಬರೆ. ಅಪ್ಪನನ್ನು ಕೇಳುವುದಿಲ್ಲ. ನಿನ್ನ ಬಾಯಿಂದಲೇ ಬರಬೇಕು.


ಜೂನ್ ೨೨

ಅಕ್ಕಾ,

ನಿನ್ನ ಕಾಗದ ಕೈಗೆ ಬಂದಾಗ ಇಲ್ಲಿ ಪ್ರದರ್ಶನಕ್ಕೆ ಮೈಕುಗಳನ್ನು ಜೋಡಿಸುತ್ತಿದ್ದೆ. ಇಪ್ಪತ್ತು ಜನರೆದುರು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಎಡಗಡೆಯ ಸಾಲು ಅಪ್ಪನಿಗೆ, ಬಲಗಡೆಯದು ನಿನಗೆ. ಹಳೆಯ ರೆಕಾರ್ಡುಗಳಿಗೆ ಅದರಿಂದ ಏನೂ ಆಗುವುದಿಲ್ಲ ಎಂದಿದ್ದೆನಲ್ಲ. ಇಡೀ ಮನೆಯಲ್ಲಿ ಎರಡು ಸಾಲಿನಲ್ಲಿ ಎರಡು ಬೇರೆ ಸದ್ದಿರುವ ರೆಕಾರ್ಡು ಒಂದೇ ಒಂದು. ಅದು ನಾನೇ ಮಾಡಿದ್ದು. ಅಮ್ಮನನ್ನು ಒಳಗೆ, ನಿನ್ನನ್ನು ಹೊರಗೆ ಕೂರಿಸಿ, ಒಂದರ ಸದ್ದು ಇನ್ನೊಂದಕ್ಕೆ ಸೋಕಬಾರದೆಂದು ಬಾಗಿಲು ಹಾಕಿದವನು ನಾನು. ದನಿ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ. ಇಷ್ಟು ವರ್ಷದ ಮೇಲೆ ಅದೇ ಕೈಯಿಂದ ಅಮ್ಮನನ್ನು ಅಪ್ಪನ ಕೋಣೆಯಲ್ಲಿಟ್ಟೆ, ನಿನ್ನನ್ನು ನಿನ್ನ ಕೋಣೆಯಲ್ಲಿಟ್ಟೆ. ನೀನು ಮೂರು ತಿಂಗಳು ಬೈದದ್ದು ನಿನ್ನ ಹಾರ್ಮೋನಿಯಂ ಅನ್ನೇ ಅಕ್ಕ.

ಟೇಪು ಹಾಳಾಗಿರಲಿಲ್ಲ. ನೀನೂ ತಪ್ಪು ಬಾರಿಸಿರಲಿಲ್ಲ. ಅಮ್ಮನಿಗೆ ಹಾಡುತ್ತಿರುವಾಗಲೇ ಉಸಿರು ಕಟ್ಟಿತು. ನಾನು ಹೆದರಿ ಎದ್ದೆ. "ಅವಳಿಗೆ ಹೇಳ್ಬೇಡ" ಎಂದಳು. ಆಗಲೇ ಆರು ತಿಂಗಳಿಂದ ಹಾಗಾಗುತ್ತಿತ್ತಂತೆ, ಡಾಕ್ಟರೂ ನೋಡಿದ್ದರಂತೆ. ನಿನಗೆ ಗೊತ್ತಾದರೆ ಹೊಲಿಗೆ ಶಾಲೆಗೆ ಹೋಗದೆ ಅವಳ ಪಕ್ಕದಲ್ಲಿ ಕೂತುಬಿಡುತ್ತೀಯ ಎಂದಳು. ನನ್ನಿಂದ ಆಣೆ ಮಾಡಿಸಿಕೊಂಡಳು. ಹೊರಗೆ ಬಂದು ನಿನಗೆ "ಸಾಕು" ಎಂದದ್ದು ಆಗ. ಟೇಪಿನಲ್ಲಿ ಅವಳ ಮಾತೆಲ್ಲ ಬಿದ್ದಿತ್ತು, ಅದಕ್ಕೇ ಹಾಳಾಯಿತು ಎಂದು ಸುಳ್ಳು ಹೇಳಿದೆ. ಟೇಪು ಅಳಿಸಿಹೋಗುವ ಮೊದಲು ತಟ್ಟೆಗೆ ಕೊರೆಸಿಟ್ಟುಕೊಂಡೆ.

ಒಂದೂವರೆ ವರ್ಷಕ್ಕೆ ಅಮ್ಮ ಹೋದಳು. ನಿನಗೆ ಸಿಕ್ಕಿದ್ದು ಕೊನೆಯ ಹತ್ತು ದಿನ. ಆಮೇಲಾದರೂ ಹೇಳಬಹುದಿತ್ತು. "ನಿನಗೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ" ಎಂದು ನೀನು ಕೇಳಿದರೆ ಏನು ಹೇಳಲಿ? ಆ ಹೆದರಿಕೆಯಲ್ಲೇ ಕಂಪನಿ ಸೇರಿ ಊರೂರು ಓಡಿದೆ. ತಟ್ಟೆ ನಿಮ್ಮ ಕೈಗೆ ಸಿಗಲಿ, ಸಿಕ್ಕಾಗ ನಾನು ಅಲ್ಲಿರುವುದು ಬೇಡ ಎಂದು ಕಟ್ಟಿನ ತಳಕ್ಕೆ ಸೇರಿಸಿ ಬಂದೆ. ಸ್ಪೀಕರು, ಹಲಗೆ, ವೈರು ಎಲ್ಲ ಅದಕ್ಕೆ ನೆಪ.

ನಾನೂ ಅದನ್ನು ಪೂರ್ತಿ ಕೇಳಿಲ್ಲ. ಅವಳ ದನಿ ಮುರಿಯುವ ಜಾಗಕ್ಕೆ ಮುಂಚೆಯೇ ಮುಳ್ಳು ಎತ್ತಿಬಿಡುತ್ತಿದ್ದೆ.

ಈಗ ಹೀಗೆ ಮಾಡು. ಅಪ್ಪನ ಕೋಣೆಯ ಬಾಗಿಲು, ನಿನ್ನ ಕೋಣೆಯ ಬಾಗಿಲು ಎರಡೂ ತೆಗೆ. ಮಿಷನ್ನು ನಿಲ್ಲಿಸು. ನಡುಮನೆಯಲ್ಲಿ ನಿಂತುಕೋ. ಒಂದೇ ಸಲ ಹಾಕಿಸು. ತಟ್ಟೆಯಲ್ಲಿ ಇನ್ನೆಷ್ಟು ಉಳಿದಿದೆಯೋ ಗೊತ್ತಿಲ್ಲ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ತಮ್ಮ


ಜುಲೈ ೧

ತಮ್ಮಾ,

ಬರೆಯದಿದ್ದದ್ದು ಒಳ್ಳೆಯದಾಯಿತು. ಬರೆದಿದ್ದರೆ ಆ ಸಾಲನ್ನು ಕತ್ತರಿಸಿ ವಾಪಸು ಕಳಿಸುತ್ತಿದ್ದೆ.

ಹೇಡಿ ನೀನು. ಇಪ್ಪತ್ತು ವರ್ಷದ ಹುಡುಗನಿಗೆ ಅಮ್ಮ ಆಣೆ ಹಾಕಿಸಿದಳು, ಆಗ ಬಾಯಿ ಮುಚ್ಚಿಕೊಂಡೆ, ಒಪ್ಪಿದೆ. ಅವಳು ಹೋಗಿ ಒಂಬತ್ತು ವರ್ಷವಾಯಿತು. ಆಣೆ ಯಾರಿಗೆ ಉಳಿದಿತ್ತು? ಆ ಒಂದೂವರೆ ವರ್ಷದಲ್ಲಿ ನಾನು ಎಲ್ಲಿದ್ದೆ ಗೊತ್ತಾ? ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕಾಲರಿಗೆ ಹೊಲಿಗೆ ಹಾಕುತ್ತ, ನನ್ನನ್ನು ಮನೆಯಿಂದ ಅಟ್ಟಿದಳೆಂದು ಅಮ್ಮನನ್ನು ಬೈಯುತ್ತಿದ್ದೆ. ರಜೆ ಬಂದರೂ ಮನೆಗೆ ಬರದೆ ಹಟ ಹಿಡಿದು ಕೂತಿದ್ದೆ. ನಾಲ್ಕು ರಜೆ! ಅವಳು ಬಾ ಎಂದು ಬರೆಯುತ್ತಿದ್ದಳು, ನಾನು ಕೆಲಸವಿದೆ ಎಂದು ಬರೆಯುತ್ತಿದ್ದೆ. ಆ ನಾಲ್ಕು ರಜೆಯನ್ನು ನನಗೆ ಯಾವ ಸ್ವಿಚ್ಚು ಹಾಕಿ ತಂದುಕೊಡುತ್ತೀಯ?

ನೀನು ಹೇಳಿದ ಹಾಗೇ ಮಾಡಿದೆ. ಬೆಳಗ್ಗೆ ಹತ್ತು ಗಂಟೆಗೆ ಮಿಷನ್ನು ನಿಲ್ಲಿಸಿದೆ. ಕಾಜದ ಚಿಕ್ಕಮ್ಮ ಸೂಜಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಪ್ಪನ ಕಿವಿಗೆ ಬಾಯಿಟ್ಟು, "ಅಪ್ಪಾ, ಅಮ್ಮನ್ನ ಹಾಕಿ. ಬಾಗ್ಲು ತೆಗ್ದಿರ್ಲಿ" ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. "ನಿನಗೆ ಬೇಡ ಅಂತಿದ್ಯಲ್ಲಮ್ಮ" ಎಂದರು. ನನಗೆ ಕೇಳಿಸಿಯೇ ಇರಲಿಲ್ಲ ಎಂದು ಹೇಳಿದೆ. ಅವರಿಗೆ ಅದು ಅರ್ಥವಾಗಲು ಮೂರು ಸಲ ಕೂಗಬೇಕಾಯಿತು.

ನಡುಮನೆಯಲ್ಲಿ ನಿಂತೆ. ಒಂದು ಬಾಗಿಲಿಂದ ಹಾರ್ಮೋನಿಯಂ, ಇನ್ನೊಂದು ಬಾಗಿಲಿಂದ ಅಮ್ಮ. ಅದು ಕತ್ತಲಲ್ಲಿ ಗೋಡೆ ಸವರುತ್ತಿರಲಿಲ್ಲ. ಒಂದೇ ಸ್ವರ ಹಿಡಿದು ಕಾಯುತ್ತಿದ್ದದ್ದು ಅಮ್ಮನಿಗೆ. ಅವಳು ಹಾಡಿ ಮುಗಿಸುವವರೆಗೆ ಕಾಯುತ್ತದೆ, ಆಮೇಲೆ ಎರಡು ಹೆಜ್ಜೆ ಜೊತೆಗೆ ಹೋಗುತ್ತದೆ. ನಾನು ಚೆನ್ನಾಗಿ ಬಾರಿಸಿದ್ದೆ ಕಣೋ. ಯಾರೂ ಹೇಳಬೇಕಾಗಿಲ್ಲ, ನನಗೇ ಗೊತ್ತಾಯಿತು.

ಆದರೆ ಅಮ್ಮನ ದನಿಯ ಮೇಲೆ ರಾಶಿ ಮರಳು. ಮಾತು ತಿಳಿಯುವುದಿಲ್ಲ, ದನಿ ಅವಳದೆಂದು ಮಾತ್ರ ತಿಳಿಯುತ್ತದೆ. ಸವೆಯಲಿ ಎಂದು ನಾನೇ ಕಾದಿದ್ದೆ. ಆ ತಪ್ಪು ನನ್ನದು, ನಿನ್ನ ತಲೆಗೆ ಕಟ್ಟುವುದಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳೋಣವೆನಿಸಿತು.

ಹಾರ್ಮೋನಿಯಂ ಮೇಲಕ್ಕೆ ಹತ್ತುವ ಜಾಗ ಬಂತು. ಅಪ್ಪ ಕೈ ಚಾಚಿದರು. ನಾನು ಓಡಿಹೋಗಿ ಆ ಕೈ ಹಿಡಿದುಕೊಂಡೆ. "ಬೇಡಮ್ಮ, ಒಂದ್ಸಲ ಕೇಳಿ ಸಾಕಾಯ್ತು ನಂಗೆ. ನಿನ್ನ ಕಿವಿಗೆ ಬೀಳ್ಬಾರ್ದು ಅಂತಾನೇ ಎತ್ತಿದ್ದು" ಎಂದರು. ಅವರು ಹೆಂಡತಿಯ ಗುಟ್ಟನ್ನು ನನ್ನಿಂದ ಮುಚ್ಚಿಡುತ್ತಿದ್ದರಂತೆ. ಈ ಮನೆಯಲ್ಲಿ ಎಲ್ಲರೂ ನನ್ನ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡವರು! ನಾನು ಕೈ ಬಿಡಲಿಲ್ಲ.

ಮುಳ್ಳು ಮುಂದೆ ಹೋಯಿತು. ಮರಳಿನ ಸದ್ದು ಫಕ್ಕನೆ ನಿಂತುಹೋಯಿತು ತಮ್ಮಾ. ಈ ಜಾಗದಿಂದ ಮುಂದಕ್ಕೆ ನೀನು ಯಾವತ್ತೂ ಹಾಕಿಲ್ಲ, ಅಪ್ಪ ಹಾಕಿದ್ದು ಒಂದೇ ಸಲ. ಅಲ್ಲಿಂದಾಚೆ ತಟ್ಟೆ ಹೊಸದು. ಅಮ್ಮ ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟ. ಕೆಮ್ಮಿದಳು. ನೀನು ಬರೆದದ್ದನ್ನೆಲ್ಲ ಹೇಳಿದಳು, ನಿನ್ನಿಂದ ಆಣೆ ಮಾಡಿಸಿಕೊಂಡಳು. ನೀನು ಎದ್ದ ಸದ್ದು, ಕುರ್ಚಿ ಸರಿದ ಸದ್ದು. ಅಷ್ಟು ಹೊತ್ತೂ ನನ್ನ ಕೋಣೆಯಿಂದ ಹಾರ್ಮೋನಿಯಂ ನಡೆಯುತ್ತಲೇ ಇತ್ತು. ಬಾಗಿಲಾಚೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ನೀನು ಅವಳ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವಳಿಗೆ ಅದು ಕೇಳುತ್ತಿತ್ತಲ್ಲ? ನೀನು ಎದ್ದುಹೋದ ಮೇಲೆ, ನಿನಗೆ ಕೇಳದಷ್ಟು ಮೆಲ್ಲಗೆ ಅಂದಳು, ಆ ಹರಿದ ಉಸಿರಿನಲ್ಲೇ:

"ಈಗ್ಲೇ ನಿಲ್ಲಿಸ್ಬೇಡ ಕಣೋ. ಎಷ್ಟು ಚೆನ್ನಾಗಿ ಕಾಯ್ತಾಳೆ ನನಗೆ. ಇನ್ನೊಂಚೂರು ಕೇಳ್ತೀನಿ."

ಅಷ್ಟರಲ್ಲಿ ಬಾಗಿಲು ತೆಗೆದ ಸದ್ದು, ನಿನ್ನ "ಸಾಕು ಅಕ್ಕ." ಅಲ್ಲಿಗೆ ಹಾರ್ಮೋನಿಯಂ ನಿಂತಿತು.

ಹನ್ನೊಂದು ವರ್ಷ ನೀನು ಮುಳ್ಳು ಎತ್ತಿಟ್ಟದ್ದು ಈ ಮಾತಿಗೆ ಮುಂಚೆ. ನಿನಗೆ ಧೈರ್ಯವಿಲ್ಲದೆ ನನಗೆ ಇದು ಸಿಗಲಿಲ್ಲ. ನಿನಗೆ ಧೈರ್ಯವಿಲ್ಲದ್ದಕ್ಕೇ ಇದು ಸವೆಯದೆ ಉಳಿಯಿತು ಎಂದು ಕಾಜದ ಚಿಕ್ಕಮ್ಮ ಹೇಳುತ್ತಾಳೆ. ಅವಳಿಗೆ ಬೈದೆ. ಆ ಮಾತಿನಲ್ಲಿ ನಿನಗೆ ಬಿಡುಗಡೆ ಸಿಗುತ್ತದೆಂದು ತಿಳಿಯಬೇಡ.

ತಟ್ಟೆಯನ್ನು ಬಿಳಿ ಕವರಿಗೆ ಹಾಕಿ ನನ್ನ ಅಳತೆ ಕಾಗದಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿದ್ದೇನೆ. ಅಪ್ಪನಿಗೂ ಕೊಡುವುದಿಲ್ಲ. ಮೂರು ದಿನದಿಂದ ಅವರು ನನ್ನ ಹತ್ತಿರ ಮಾತಾಡುತ್ತಿಲ್ಲ, ಖಾಲಿ ಪ್ಲೇಯರಿನ ಮುಂದೆ ಕೂತಿರುತ್ತಾರೆ. ಅವರ ಸಿಟ್ಟನ್ನೂ ನಾನೇ ಹೊತ್ತುಕೊಂಡಿದ್ದೇನೆ. ವೈರು ಕತ್ತರಿಸಿಲ್ಲ.

ಕಂಪನಿಗೆ ರಜೆ ಹೇಳು. ಕೊಡದಿದ್ದರೆ ಬಿಟ್ಟು ಬಾ. ಸ್ವಿಚ್ಚು ತರಬೇಡ, ಕೋಣೆಯ ಗುಂಡಿಯೂ ಬೇಡ. ತಟ್ಟೆಯಲ್ಲಿರುವುದನ್ನು ಇನ್ನೊಂದಕ್ಕೆ ಇಳಿಸಿಕೊಳ್ಳುವ ಒಳ್ಳೆಯ ಯಂತ್ರ ತಾ. ಇಳಿಸುವಾಗ ನೀನು ಯಂತ್ರದ ಹಿಂದೆ ಅವಿತುಕೊಳ್ಳಬಾರದು. ನಡುಮನೆಯಲ್ಲಿ ನಾನು ನಿಂತ ಜಾಗದಲ್ಲೇ ನಿಲ್ಲಬೇಕು, ಎರಡೂ ಬಾಗಿಲು ತೆಗೆದಿರುತ್ತವೆ. ಅಪ್ಪ ಮುಳ್ಳು ಇಡುತ್ತಾರೆ. ನಿನ್ನ ಕೈ ನಾನು ಹಿಡಿದುಕೊಂಡಿರುತ್ತೇನೆ, ಕೊನೆಯವರೆಗೆ ಬಿಡುವುದಿಲ್ಲ.

ಅಕ್ಕ